ಗಂಟು ಹೊಂಟಿತು, ನಾ ಕೂತೆ

ನಮ್ಮ ಮಾವನವರಿಗೆ ರೈಲ್ವೆ ಟೈಮ್‌ಟೇಬಲ್ ಬಾಯಿಪಾಠ. ಪುಣೆ ಸ್ಟೇಶನ್ನಿನ ಪಾರ್ಸಲ್ ಆಫೀಸಿನಾಗ ಕೂದಲಾ ಬೆಳ್ಳಗ ಮಾಡಿಕೊಂಡಾವ್ರು. ಧಾರವಾಡದ ಕಡಿಂದ ಕಾಶಿಗೆ ಹೊಂಟಾವ್ರು ಯಾರೇ ಇರಲಿ, ಮೊದಲು ನಮ್ಮ ವಾಡೆಗೆ ಬಂದು ಅವರನ್ನ ಕೇಳೇ ಮುಂದ ಹೋಗ್ತಿದ್ರು. ಎಲ್ಲಿ ಗಾಡಿ ಬದಲಿ ಮಾಡಬೇಕು, ಎಲ್ಲಿ ಚಲೋ ನೀರು ಸಿಗ್ತದ, ಯಾವ ಊರಾಗ ನಮ್ಮ ಪೈಕಿ ಯಾರ ಮನಿ ಅದ, ಕೂತಲ್ಲೇ ಹೇಳ್ತಿದ್ರು. ಎಂಥಾ ತಲಿ ಅಂತ ಮಂದಿ ಅವರನ್ನ ಹೊಗಳೂದು ನೆನಪಾದ್ರ ಈಗೂ ನನ್ನ ಮೈ ಉರೀತದ.

ನಮ್ಮ ಯಜಮಾನರು ರಂಗೂನಿನಾಗ ಒಂದು ಕಟ್ಟಿಗಿ ಅಡ್ಡಾದಾಗ ಕಾರಕೂನಕಿ ಮಾಡ್ತಿದ್ರು. ಖೋಲಿ ಹಿಡಿದ ಮ್ಯಾಲೆ ನನ್ನ ಕರಿಸಿಕೊಳ್ತೀನಿ ಅಂತ ಹೇಳಿ ಹೋಗಿ ಎರಡು ವರ್ಷ ಆಗಿತ್ತು. ಶ್ರಾವಣದಾಗ ಒಂದು ಕಾಗದ ಬಂತು. ಅಕ್ಷರ ಅವರವೇ, ಆದ್ರ ಸಾಲು ಒಂದೂ ನೆಟ್ಟಗ ಇರಲಿಲ್ಲ. ಜ್ವರ ಬಿಡವಲ್ದು, ಎದ್ದು ಕೂಡಲಿಕ್ಕೂ ಆಗವಲ್ದು, ನಿನ್ನ ನೋಡಬೇಕು ಅನಸ್ತದ ಅಂತ ಬರದಿದ್ರು. ಅದರ ಕೆಳಗ ಹಾದೀನೂ ಬರದಿದ್ರು: ನಾಗಪುರದ ಮ್ಯಾಲೆ ಕಲಕತ್ತಾಕ್ಕ ಬಾ, ಅಲ್ಲಿ ಹಡಗ ಹತ್ತು, ಮದ್ರಾಸಿನ ಗೊಡವಿಗೆ ಹೋಗಬ್ಯಾಡ, ತಡ ಆಗ್ತದ.

ಇದಕ್ಕಿಂತ ಬಿಡಿಸಿ ಇನ್ನೇನು ಹೇಳಬೇಕು? ಪುಣೆ ಬಾಜೂದ ಖಡಕಿಯ ಗೋದಾಮಿನಾಗ ಇದ್ದ ನನ್ನ ತಮ್ಮ ರಜಾ ಹಾಕಿ, ನಾ ಕರಕೊಂಡು ಹೋಗ್ತೀನಿ ಅಂತ ಅವತ್ತೇ ಬಂದು ನಿಂತ. ಮಾವನವರು ಟೈಮ್‌ಟೇಬಲ್ ತೊಡಿ ಮ್ಯಾಲೆ ಇಟಗೊಂಡು, ಕೆಂಪು ಪೆನ್ಸಿಲ್ ಕೆತ್ತಿ, ಕಲಕತ್ತಾಕ್ಕ ಮೊದಲ ಗೀಟಿಗೇ ಕಾಟು ಹೊಡದ್ರು. ಆ ದಾರಿಯೊಳಗ ನಮ್ಮವರ ಮನಿ ಒಂದೂ ಇಲ್ಲ, ಹೆಣ್ಣುಮಗಳು ಊಟಕ್ಕ ಏನ್ ಮಾಡಬೇಕು ಅಂತ ಅವರ ಪ್ರಶ್ನೆ. ಮದ್ರಾಸಿನ ದಾರಿಗಾದ್ರ ಸೊಲ್ಲಾಪುರದಾಗ ಅತ್ತಿಯವರ ತವರು, ರಾಯಚೂರಾಗ ಬೀಗರು, ಮದ್ರಾಸಿನಾಗ ಒಬ್ಬ ಆಚಾರ್ರು. ಮಡಿ ಅಡಿಗಿ ಎಲ್ಲೆಲ್ಲಿ ಸಿಗ್ತದೋ ಅಲ್ಲಲ್ಲೇ ಇಳದು ಹೋಗಬೇಕಂತ. ಮಗ ಹಾಸಿಗಿ ಹಿಡದಾನ, ಇವರು ಒಲಿ ಹುಡಕಲಿಕ್ಕೆ ಹತ್ತಿದ್ರು!

ಆವಾಗ ಸೊಸಿ ಮಾವನ ಎದುರು ಬಾಯಿ ತಗೀತಿದ್ದಿಲ್ಲ. ಬಾಗಲ ಮರಿಗೆ ನಿಂತು ಅತ್ತಿಯವರ ಮುಂದ ಹೇಳಬೇಕು, ಅವರು ಮಾವನವರಿಗೆ ಹೇಳಬೇಕು. ಹೇಳಿದೆ. ಜ್ವರದಾಗ ಇದ್ದಾಂವಗ ದಾರಿ ಏನ್ ತಿಳೀತದ ಅಂತ ತಿರುಗಿ ಬಂತು ಉತ್ತರಾ.

ಮ್ಯಾಲೆ ಪಂಚಾಂಗ. ಹೊಂಟು ನಿಲ್ಲೂ ದಿನ ಚಲೋ ಇರದಿದ್ರ, ಚಲೋ ಮುಹೂರ್ತದಾಗ ಒಂದು ಗಂಟು ಕಟ್ಟಿ, ಹೋಗೂ ದಿಕ್ಕಿನಾಗ ಇದ್ದ ಬ್ಯಾರೆಯವರ ಮನ್ಯಾಗ ಇಟ್ಟು ಬರೂ ಪದ್ಧತಿ ನಮ್ಮೊಳಗ ಅದ. ಪ್ರಸ್ಥಾನ ಇಡೂದು ಅಂತೀವಿ. ಗಂಟು ಹೊಸ್ತಿಲಾ ದಾಟಿತು ಅಂದ್ರ ಪ್ರಯಾಣ ಸುರು ಆದಂಗ. ಅದನ್ನ ಮನಿಗೆ ತಿರುಗಿ ತರಬಾರದು, ಹೊಂಡೂ ದಿನ ಅಲ್ಲಿಂದನೇ ಎತ್ತಿಕೊಂಡು ಹೋಗಬೇಕು. ರಂಗೂನ ಪೂರ್ವಕ್ಕ ಅಂತ ಪೂರ್ವದ ಮನ್ಯಾಗ ನನ್ನ ಗಂಟು ಇಟ್ರು. ಒಂದು ಸೀರಿ, ಒಂದು ತಂಬಿಗಿ, ಅಕ್ಕಿ, ಅರಿಷಿಣ. ಯಜಮಾನರ ಕಾಗದನೂ ನಾ ಅದರಾಗೇ ಇಟ್ಟುಬಿಟ್ಟೆ. ನಾಳೆನೇ ಹೊಂಡತೀನಿ ಅನ್ನೂ ಧೈರ್ಯ, ಹುಚ್ಚಿ ನಾ.

ಎರಡು ದಿನದ ಮ್ಯಾಲೆ ಮಾವನವರಿಗೆ ಸಂಶೆ ಬಂತು. ಮದ್ರಾಸ ಅಂದ್ರ ದಕ್ಷಿಣ ಅಲ್ಲೇನು? ಗಂಟು ದಕ್ಷಿಣದ ಮನಿಗೆ ಹೋತು. ಆಮ್ಯಾಲೆ ಗುರುವಾರ ಬಂತು, ದಕ್ಷಿಣಕ್ಕ ಆಗೂದಿಲ್ಲ. ಆಮ್ಯಾಲೆ ಅಮಾಸಿ. ಅದು ಮುಗೀತು ಅನ್ನೂದ್ರಾಗ, ಬೀಗರು ಊರಾಗ ಇರ್ತಾರೋ ಇಲ್ಲೋ ಅಂತ ರಾಯಚೂರಿಗೆ ಕಾಗದ ಬರದು ಉತ್ತರದ ಹಾದಿ ಕಾದ್ರು. ನನ್ನ ಗಂಟು ಪೇಠದಾಗ ತಿರಗಾಡಿತು, ನಾ ಅಡಿಗಿಮನಿಯಾಗ ರೊಟ್ಟಿ ಬಡೀತಾ ಕೂತೆ. ಕಾಗದಾ ಇನ್ನೊಮ್ಮೆ ಓದಬೇಕು ಅಂತ ಜೀವ ಒದ್ದಾಡತಿತ್ತು. ಗಂಟು ಬಿಚ್ಚಿದ್ರ ಪ್ರಸ್ಥಾನ ಕೆಡ್ತದ ಅಂತ ಅತ್ತಿಯವರು ಕಣ್ಣೀರು ಹಾಕಿದ್ರು. ಹಿಂಗ ಹನ್ನೆರಡು ದಿನ ಕಳದವು.

ಹದಿಮೂರನೇ ದಿನ ಮುಂಜಾನೆ ಸೀದಾ ದಕ್ಷಿಣದ ಮನಿಗೆ ಹೋದೆ. ಅಲ್ಲಿ ಒಬ್ಬ ಮರಾಠಿ ಅಜ್ಜಿ ಇದ್ಲು. ಗಂಟು ನನ್ನ ಕೈಯಾಗ ಕೊಟ್ಟು, "ಜಾ ಬಾಯಿ, ಲವಕರ್ ಜಾ" ಅಂದ್ಲು, ಲಗೂನ ಹೋಗು ಅಂತ. ನಾ ಹೇಳಿ ಇಟ್ಟಂಗ ತಮ್ಮ ಟಾಂಗಾ ತಂದಿದ್ದ. ಸುದ್ದಿ ತಿಳಿದು ಅತ್ತಿಯವರು ಓಣಿ ತನಕ ಓಡಿ ಬಂದ್ರು. ಗಂಟು ತಿರುಗಿ ಮನಿಗೆ ತರಬಾರದಂತ ನೀವೇ ಹೇಳೀರಿ, ನಾ ತರೂದಿಲ್ಲ ಅಂದು ಟಾಂಗಾ ಹತ್ತಿದೆ. ಗಾಡಿಯಾಗ ಕೂತ ಮ್ಯಾಲೆ ಗಂಟು ಬಿಚ್ಚಿ ಕಾಗದ ತಗದೆ. ಏನೂ ಕೆಡಲಿಲ್ಲ. ಕೆಡೂದೆಲ್ಲಾ ಆ ಹನ್ನೆರಡು ದಿನದಾಗೇ ಕೆಟ್ಟಿತ್ತು, ಅದು ಆಗ ನನಗ ಗೊತ್ತಿರಲಿಲ್ಲ.

ನಾಗಪುರ, ಕಲಕತ್ತಾ, ಹಡಗ. ಕಲಕತ್ತಾದಾಗ ಸ್ಟೇಶನ್ನಿನ ಹೊರಗ ಯಾರೋ ಕರದ ಪೂರಿ ತಿಂದಿವಿ. ಹಡಗಿನಾಗ ಮೂರು ದಿನ ಅವಲಕ್ಕಿ ನೆನಸಿಕೊಂಡು ತಿಂದಿವಿ. ಯಾರೂ ಸಾಯಲಿಲ್ಲ.

ರಂಗೂನಿನ ಧಕ್ಕಿ ಮ್ಯಾಲೆ ನಮ್ಮನ್ನ ಕರಿಲಿಕ್ಕೆ ಯಾರೂ ಬಂದಿದ್ದಿಲ್ಲ. ವಿಳಾಸ ಹಿಡದು ಖೋಲಿ ಹುಡುಕಿದಿವಿ. ಬಾಗಲಾ ತಗದಾವ್ರು ಯಜಮಾನರ ಜೋಡಿ ಇರ್ತಿದ್ದ ಬೆಳಗಾವಿಯವರು. ನನ್ನ ನೋಡಿ ಬಾಗಲದಾಗೇ ಕುಕ್ಕರಿಸಿದ್ರು. ಯಜಮಾನರು ತೀರಿಕೊಂಡು ಎರಡು ದಿನ ಆಗಿತ್ತು. ಕಾಗದ ಎಂದು ಮುಟ್ಟಬೇಕು, ನಾ ಎಂದು ಹೊಂಡಬೇಕು ಅಂತ ಲೆಕ್ಕಾ ಹಾಕಿ, ಕಲಕತ್ತಾದ ಹಡಗ ಬರೂ ದಿನಾ ಎಲ್ಲಾ ಈ ಬೆಳಗಾವಿಯವರನ್ನ ಧಕ್ಕಿಗೆ ಕಳಸ್ತಿದ್ರಂತ. ನಾಲ್ಕು ಹಡಗಿಗೆ ಅವರು ಹೋಗಿ, ನಾಲ್ಕು ಸಲ ಒಬ್ಬರೇ ತಿರುಗಿ ಬಂದಿದ್ರು. ನಾ ಬಂದದ್ದು ಐದನೇ ಹಡಗಿಗೆ.

ಮಾವನವರಿಗೂ ಅವರು ಮಗನೇ. ಕೈಯಾಗ ಮತ್ತೇನೂ ಇಲ್ಲದ ಮುದುಕ, ತನಗ ಬರೂದನ್ನ ಮಾಡಿದ್ರು, ಇದು ನನಗ ತಿಳೀತದ. ತಿಳದ್ರೂ ಸಿಟ್ಟು ಇಳದಿಲ್ಲ.

ತಿರುಗಿ ಪುಣೆಗೆ ಬಂದ ದಿನ ಅವರು ಪಡಸಾಲಿಯಾಗ ಕೂತಿದ್ರು, ಟೈಮ್‌ಟೇಬಲ್ ಬಾಜೂಕ್ಕ ಇತ್ತು. ನನ್ನ ಬೋಳು ಹಣಿ ನೋಡಿದ್ರು. ಅವರ ಬಾಯಿಂದ ಮೊದಲು ಬಂದ ಮಾತು, "ಕಲಕತ್ತಾದಾಗ ಊಟಕ್ಕ ಏನ್ ಮಾಡಿದ್ರಿ?"

ನಾ ಬಾಗಲ ಮರಿಗೆ ಹೋಗಲಿಲ್ಲ. ಅವರ ಎದುರಿಗೇ ನಿಂತೆ. ಮದಿವಿಯಾಗಿ ಬಂದಾಗಿಂದ ಅವತ್ತೇ ಮೊದಲು ಅವರ ಮಾರಿ ನೋಡಿ ಮಾತಾಡಿದೆ.

"ನಿಮ್ಮ ಮಗಾ ನಾಲ್ಕು ಹಡಗ ಹಾದಿ ನೋಡಿದ್ರಂತ್ರೀ."

ಅವರು ಟೈಮ್‌ಟೇಬಲ್ ಕೈಗೆ ತಗೊಂಡು, ಹಾಳಿ ತಿರುವಿ, ಕಲಕತ್ತಾದ ಗಾಡಿ ಹುಡಕಲಿಕ್ಕೆ ಹತ್ತಿದ್ರು.