ಜಪಾನಿನವನ ಎಡೆ

ಮೊನ್ನೆ ಕೊಟ್ಟೂರಿನ ಗಾಣದಂಗಡಿಯಲ್ಲಿ ಕುಸುಬೆ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಲೇ ತೆಲಿಗಿಯ ನಮ್ಮ ಪಕ್ಕದ ಮನೆಯ ಅಜ್ಜ ನೆನಪಾದ. ಜೊತೆಗೆ ಸಿಟ್ಟೂ ಎದ್ದಿತು.

ಅಜ್ಜ ಕುರಿ ಸಾಕುತ್ತಿದ್ದ. ಅವನ ಅಪ್ಪ ಬರ್ಮಾ ಯುದ್ಧಕ್ಕೆ ಹೋಗಿ, ಬರುವಾಗ ಸತ್ತ ಜಪಾನಿ ಅಧಿಕಾರಿಯೊಬ್ಬನ ಪಿಸ್ತೂಲು ತಂದಿದ್ದನಂತೆ. ಗುಂಡು ಹಾರದಂತೆ ನಳಿಗೆಗೆ ಸೀಸ ತುಂಬಿಸಿ, ಸರಕಾರದ ಕಾಗದಪತ್ರ ಮಾಡಿಸಿ ಇಟ್ಟದ್ದು. ಹಿರಿಯರ ಹಬ್ಬಕ್ಕೊಮ್ಮೆ ಅಜ್ಜ ಅದನ್ನು ತೆಗೆದು, ಕುಸುಬೆ ಎಣ್ಣೆ ಒರೆಸಿ, ವಿಭೂತಿ ಹಚ್ಚಿ, ತನ್ನ ಹಿರಿಯರ ಸಾಲಿನಲ್ಲೇ ಇಟ್ಟು ಹೋಳಿಗೆಯ ಎಡೆ ಇಡುತ್ತಿದ್ದ. ಊರವರು ನಗುತ್ತಿದ್ದರು.

“ನಗ್ರಿ, ನಗ್ರಿ. ಎಲ್ಲಿ ಸತ್ತಾನಂತ ಅವರ ಮನ್ಯಾಗ ಗೊತ್ತಿಲ್ಲ. ಅವನಿಗೆ ಎಡಿ ಯಾರು ಇಡತಾರ?” ಎನ್ನುತ್ತಿದ್ದ.

ಪಿಸ್ತೂಲು ಅದರ ಮನೆ ಸೇರಬೇಕು... ಅವನಿಗಿದ್ದ ಆಸೆ ಅದೊಂದೇ.

ಹಳೆಯ ಪಿಸ್ತೂಲು ಸಂಗ್ರಹಿಸುವವನೊಬ್ಬನನ್ನು ಅಜ್ಜನ ಮನೆಗೆ ಕರೆತಂದವನು ನಾನೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹರಪನಹಳ್ಳಿಯಲ್ಲಿ ಪರಿಚಯವಾಗಿದ್ದ, ಜಪಾನಿ ಅಧಿಕಾರಿಗಳ ಪಿಸ್ತೂಲುಗಳನ್ನೇ ಕೂಡಿಸುವ ಹುಚ್ಚು ಅವನಿಗೆ. ಪಿಸ್ತೂಲಿನ ನಂಬರು ಹಿಡಿದು ಸತ್ತವನ ಮನೆಯವರನ್ನು ಹುಡುಕಿ ಕಳಿಸುತ್ತೇನೆಂದ. ಅಜ್ಜ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿದ. ಪಿಸ್ತೂಲಿನ ಜೊತೆ ಎರಡು ಹೋಳಿಗೆಯ ಬುತ್ತಿಯನ್ನೂ ಕಟ್ಟಿದ, “ದೂರದ ದಾರಿ, ಜಪಾನಿನವನಿಗಿರಲಿ” ಅಂತ. ಆ ಪುಣ್ಯಾತ್ಮ ಊರ ಅಗಸೆ ಬಾಗಿಲು ದಾಟುವ ಮೊದಲೇ ಕಾರಿನಲ್ಲಿ ಅದನ್ನು ತಿಂದು ಮುಗಿಸಿದ.

“ಅವನು ಮನಿ ಮುಟ್ಟಿದ್ನೇನಲೇ?” ಅಜ್ಜ ಕಂಡಾಗಲೆಲ್ಲ ಕೇಳುತ್ತಿದ್ದ. ಫೋನ್ ಮಾಡಿದರೆ ಆಸಾಮಿ ಎತ್ತುತ್ತಿರಲಿಲ್ಲ. ಕೊನೆಗೆ ಅವನ ಮನೆಗೇ ಹೋದೆ. ಪಿಸ್ತೂಲನ್ನು ವಿಭೂತಿಯ ಗುರುತೂ ಇಲ್ಲದಂತೆ ತಿಕ್ಕಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ.

“ಮುದುಕನ ಸಮಾಧಾನಕ್ಕೆ ಹೇಳಿದ್ದು ಕಣ್ರಿ. ಯಾರಾದ್ರೂ ಜಪಾನಿಗೆ ಕಳಿಸ್ತಾರೇನ್ರಿ?” ಎಂದು ನಕ್ಕ.

ಥೂ! ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು. ಸತ್ತವನ ಹೆಸರು ಹೇಳಿ ಬೇಡಿಕೊಂಡು ಹೋದವನಿಗೆ ಏನನ್ನಲಿ? ಬಾಯಿಗೆ ಬಂದಂತೆ ಬೈದೆ. ಕಾಗದ ತನ್ನ ಹೆಸರಿಗಾಗಿದೆ ಎಂದು ಬಾಗಿಲು ತೋರಿಸಿದ.

ಅಷ್ಟರಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದ. ಮತ್ತೆ ಅದೇ ಮಾತು ಕೇಳಿದ. “ಮುಟ್ಯಾನಜ್ಜ” ಎಂದೆ. ಅವನ ಮುಖ ಅರಳಿತು. ಆ ವರ್ಷದ ಹಬ್ಬಕ್ಕೆ ಸೊಸೆಗೆ ಹೇಳಿದ: “ಅವನ ಎಡಿ ಬ್ಯಾಡವ್ವ. ಅವರ ಮನ್ಯಾಗ ಇಡತಾರ.”

ಅಜ್ಜ ಹೋದ... ಈಗ ಅವನಿಗೆ ಮಕ್ಕಳು ಎಡೆ ಇಡುತ್ತಾರೆ. ಎಣ್ಣೆ ಡಬ್ಬಿ ಹಿಡಿದು ಗಾಣದ ಮುಂದೆ ನಿಂತ ನನಗೆ ಮೈಯೆಲ್ಲ ಉರಿಯಿತು. ಆ ಜಪಾನಿನವನು ಗಾಜಿನ ಪೆಟ್ಟಿಗೆಯಲ್ಲಿ ಉಪವಾಸ ಕೂತಿದ್ದಾನೆ. ಎಡೆ ತಪ್ಪಿಸಿದ್ದು ನನ್ನ ಸುಳ್ಳು.