ಸೀಟಿನ ಕೆಳಗಿದ್ದ ಮೇಷ್ಟ್ರು

ಹೋದ ವಾರ ಜಂಗಮಕೋಟೆಯಿಂದ ರೇಷ್ಮೆಗೂಡು ಸಾಗಿಸುವ ಗಾಡಿಯೊಂದು ನನ್ನ ಅಂಗಡಿಗೆ ಬಂದಿತ್ತು. ಗೂಡು ತುಂಬುವ ಜಾಗಕ್ಕೆ ಹಿಂದೆ ಯಾರೋ ಹಾಕಿಕೊಟ್ಟಿದ್ದ ಲೈಟು ಕೆಟ್ಟಿತ್ತು. ಮೇಲಿನ ತಗಡು ಬಿಚ್ಚಿದೆ. ಒಳಗಿನಿಂದ ಸುಟ್ಟ ವೈರಿನ ವಾಸನೆ ಬಂತು. ಪ್ಲಾಸ್ಟಿಕ್ಕು ಕರಗಿ, ತಾಮ್ರ ಕಪ್ಪಾಗಿ, ಮೂಗಿನಲ್ಲಿ ಕೂತುಬಿಡುವ ಆ ವಾಸನೆ ನಮ್ಮ ಕಸುಬಿನವರಿಗೆ ಹೊಸದಲ್ಲ. ಆದರೂ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಬಂದು ನಿಂತೆ. ಆ ವಾಸನೆ ಬಂದರೆ ನನಗೆ ಮೇಷ್ಟ್ರು ನೆನಪಾಗುತ್ತಾರೆ. ನೆನಪಾದ ಕೂಡಲೇ ಮುಖ ಬಿಸಿಯಾಗುತ್ತದೆ.

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಸೀಮೆಸುಣ್ಣದ ಪುಡಿ ಬೀಳದಂತೆ ಮಡಿಸಿದ ತೋಳು. ವಿದ್ಯುತ್ತಿನ ಪಾಠ ಬಂತೆಂದರೆ ಬೋರ್ಡಿನ ತುಂಬ ಬ್ಯಾಟರಿ, ಸ್ವಿಚ್ಚು, ಬಲ್ಬು. ಬಲ್ಬು ಹೊತ್ತಿದೆಯೆಂದು ತೋರಿಸಲು ಅದರ ಸುತ್ತ ಹಳದಿ ಸೀಮೆಸುಣ್ಣದಲ್ಲಿ ಕಿರಣ ಎಳೆಯುತ್ತಿದ್ದರು. ಯಾರಿಗೂ ಹೊಡೆದವರಲ್ಲ. ತಪ್ಪು ಉತ್ತರ ಹೇಳಿದವನನ್ನು ಎಬ್ಬಿಸಿ ನಿಲ್ಲಿಸಿ, "ದಡ್ಡ" ಎನ್ನುತ್ತಿದ್ದರು. ನಿಧಾನವಾಗಿ, ಇಡೀ ಕ್ಲಾಸಿಗೆ ಕೇಳುವಂತೆ. ಅದಕ್ಕಿಂತ ಎರಡೇಟು ಬಿದ್ದಿದ್ದರೇ ವಾಸಿ ಅನಿಸುತ್ತಿತ್ತು. ನನಗೆ ಆಗೊಮ್ಮೆ ಈಗೊಮ್ಮೆ ಆ ಮಾತು ಬೀಳುತ್ತಿತ್ತು. ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪೆರೇಸಂದ್ರದ ಗೆಳೆಯನಿಗೆ ದಿನವೂ ಬೀಳುತ್ತಿತ್ತು.

ಆಮೇಲೆ ಎಷ್ಟೋ ವರ್ಷ ಅವರನ್ನು ನೋಡಿರಲಿಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ, ಗೌರಿಬಿದನೂರು ರಸ್ತೆಯ ಕಡೆ, ಗಾಡಿಗಳಿಗೆ ಎಲ್‌ಇಡಿ ಲೈಟು ಹಾಕುವ ಅಂಗಡಿ ಇಟ್ಟುಕೊಂಡೆ. ಒಂದು ದಿನ ಬೆಳಿಗ್ಗೆ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸ್ಕೂಟರಿಗೆ ಲೈಟು ಹಾಕಿಸಲು ಬಂದಿರಬೇಕು ಅಂದುಕೊಂಡು ಕುರ್ಚಿ ಒರೆಸಿದೆ. ಅವರು ಕೂರಲಿಲ್ಲ.

"ಕೆಲಸ ಕಲಿಸ್ತೀಯೇನಪ್ಪ?" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ತಮಾಷೆ ಅಲ್ಲ ಕಣಪ್ಪ. ನನ್ನ ಸರ್ವೀಸೆಲ್ಲ ಬೋರ್ಡ್ ಮೇಲೇ ಬಲ್ಬ್ ಹಚ್ಚಿದ್ದಾಯ್ತು. ಕೈಯಾರ ಒಂದೂ ಹಚ್ಚಿಲ್ಲ. ಪೆನ್ಷನ್ ಬರುತ್ತೆ, ನೀನೇನೂ ಕೊಡೋದು ಬೇಡ. ಸುಮ್ನೆ ಒಂದ್ ಮೂಲೇಲಿ ಕೂತ್ಕೊಂಡ್ ಕಲೀತೀನಿ."

ಆಗಲ್ಲ ಅನ್ನುವುದು ಹೇಗೆ? ಆಗಲಿ ಅನ್ನುವುದಾದರೂ ಹೇಗೆ? ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸಿದೆ. ಅದನ್ನೇ ಒಪ್ಪಿಗೆ ಅಂದುಕೊಂಡು ಅವರು ಮಾರನೆಯ ದಿನದಿಂದ ಬರತೊಡಗಿದರು.

ಆ ದಿನಗಳನ್ನು ನಾನು ಹೇಗೆ ಕಳೆದೆನೋ... ಬೆಳಿಗ್ಗೆ ನಾನು ಅಂಗಡಿಗೆ ಬರುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದರು. ಕ್ಲಾಸಿಗೆ ಮೇಷ್ಟ್ರು ಬಂದಾಗ ಮಕ್ಕಳು ಎದ್ದು ನಿಲ್ಲುವ ಹಾಗೆ! "ನಮಸ್ಕಾರ ಮೇಷ್ಟ್ರೆ" ಅನ್ನುತ್ತಿದ್ದರು ನನಗೆ. ಬೇಡಿ ಸಾರ್ ಎಂದು ಬೇಡಿಕೊಂಡೆ. "ಕಲಿಸೋನು ಮೇಷ್ಟ್ರು, ಕಲಿಯೋನು ಹುಡುಗ. ಅದ್ರಲ್ಲೇನಿದೆ?" ಅಂದರು. ಎದುರುಗಡೆ ಪಂಚರ್ ಅಂಗಡಿಯವರೆಲ್ಲ ನೋಡುತ್ತಿದ್ದರು. ನಾನು ಶಟರ್ ಎತ್ತುವ ನೆಪದಲ್ಲಿ ಅವರಿಗೆ ಬೆನ್ನು ತಿರುಗಿಸುತ್ತಿದ್ದೆ.

ನಿಜ ಹೇಳಬೇಕೆಂದರೆ, ಅವರ ಕೈಗೆ ಕೆಲಸ ಹತ್ತಲಿಲ್ಲ. ಸೂತ್ರ ಎಲ್ಲ ಬಾಯಲ್ಲಿತ್ತು. ವೈರಿನ ತುದಿ ಸುಲಿಯಲು ಹೋದರೆ ಒಳಗಿನ ತಂತಿಯೇ ಕತ್ತರಿಸಿ ಬರುತ್ತಿತ್ತು. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಳ್ಳುತ್ತಿದ್ದರು. ಹಾಗಲ್ಲ ಸಾರ್ ಎಂದು ತಿದ್ದಬೇಕಾದವನು ನಾನು. ತಿದ್ದಲು ನಾಲಿಗೆ ಏಳುತ್ತಿರಲಿಲ್ಲ. ಅವರು ಮಾಡಿಟ್ಟದ್ದನ್ನು, ಅವರು ಊಟಕ್ಕೆ ಹೋದಾಗ ಬಿಚ್ಚಿ ನಾನೇ ಮತ್ತೆ ಮಾಡುತ್ತಿದ್ದೆ. ಊಟ ಮುಗಿಸಿ ಬಂದ ಮೇಷ್ಟ್ರು ಅದನ್ನು ನೋಡಿ, ತಾವೇ ಮಾಡಿದ್ದೆಂದುಕೊಂಡು ಸಂತೋಷಪಡುತ್ತಿದ್ದರು.

ಒಂದೇ ಒಂದು ದಿನ ನನಗೆ ಅವರು ಜೊತೆಯಲ್ಲಿರುವುದು ಹಿತವೆನಿಸಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಶೆಡ್ಡೊಂದಕ್ಕೆ ಲೈಟು ಹಾಕಲು ಹೋಗಿದ್ದೆವು. ಅಲ್ಲಿ ನೆಲವೆಲ್ಲ ನೀರು, ಬಿಸಿನೀರಿನ ತೊಟ್ಟಿಗಳಿಂದ ಮೇಲೇಳುವ ಹಬೆ. ಮನೆಯ ಕರೆಂಟಿನ ಬಲ್ಬು ಮುಟ್ಟಿದರೆ ಜುಮ್ಮೆನ್ನುತ್ತಿತ್ತಂತೆ. ಅದಕ್ಕೇ ಬ್ಯಾಟರಿಯಲ್ಲಿ ಉರಿಯುವ ಹನ್ನೆರಡು ವೋಲ್ಟಿನ ಎಲ್‌ಇಡಿ ಪಟ್ಟಿ ಹಾಕುತ್ತಿದ್ದೆ. ಇದು ಯಾಕೆ ಹೊಡೆಯುವುದಿಲ್ಲ ಎಂದು ಅಲ್ಲಿದ್ದ ಹೆಂಗಸೊಬ್ಬರು ಕೇಳಿದರು. ಮೇಷ್ಟ್ರು ತಕ್ಷಣ ಹೇಳತೊಡಗಿದರು. ಒತ್ತಡ ಅಂದರೇನು, ಮೈಯೊಳಗೆ ಹರಿಯುವುದು ಅಂದರೇನು... ಎಲ್ಲರೂ ರಾಟೆ ನಿಲ್ಲಿಸಿ ಕೇಳಿದರು. "ಆದ್ರೂ ನೆನಪಿರ್ಲಿ ಅಮ್ಮ, ಹೊಡೆಯಲ್ಲ ಅಂತ ಸದರ ಮಾಡ್ಬೇಡಿ. ತಂತಿಗೆ ತಂತಿ ತಗುಲಿದ್ರೆ ಬೆಂಕಿ ಹತ್ತುತ್ತೆ" ಎಂದು ಪಾಠ ಮುಗಿಸಿದರು. ಆ ದಿನ ಅವರು ನನ್ನ ಹಳೆಯ ಮೇಷ್ಟ್ರಾಗಿದ್ದರು.

ಆಮೇಲೆ ಆ ದಿನ ಬಂತು. ಮದುವೆಗೆ ಜನ ಒಯ್ಯುವ ಟೆಂಪೊ ಟ್ರಾವೆಲರ್ ಒಂದು ಬಂದು ನಿಂತಿತು. ಇಳಿದವನು ನನ್ನ ಪಕ್ಕ ಕೂರುತ್ತಿದ್ದ ಪೆರೇಸಂದ್ರದ ಅದೇ ಗೆಳೆಯ. ಈಗ ಗಾಡಿಯ ಮಾಲೀಕನೂ ಅವನೇ, ಡ್ರೈವರೂ ಅವನೇ. ಸಂಜೆಗೆ ಬಾಡಿಗೆ ಇದೆ, ಸೀಟುಗಳ ಕೆಳಗೆ ನೀಲಿ ಪಟ್ಟಿ ಹಾಕಿಕೊಡು ಎಂದು ಹೇಳಿ ಟೀ ಕುಡಿಯಲು ಹೋದ. ಮೇಷ್ಟ್ರು ಆಗ ಒಳಗಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ಹಿಂದಿನ ಸೀಟಿನ ಕೆಲಸ ನಾನೇ ಮಾಡುತ್ತೇನೆಂದರು ಮೇಷ್ಟ್ರು. ಬೇಡವೆನ್ನಲಾಗಲಿಲ್ಲ. ನಾನು ಮುಂದೆ ಡ್ಯಾಶ್‌ಬೋರ್ಡ್ ಬಿಚ್ಚುತ್ತಿದ್ದೆ. ಪಟ್ಟಿ ಅಂಟಿಸಿದ್ದಾಯಿತು, ಉರಿಯುತ್ತದೆಯೋ ನೋಡೋಣ ಎಂಬ ಆತುರಕ್ಕೆ, ಫ್ಯೂಸ್ ಹಾಕುವ ಮೊದಲೇ ಅವರು ವೈರನ್ನು ನೇರ ಬ್ಯಾಟರಿಗೆ ಕೊಟ್ಟುಬಿಟ್ಟಿದ್ದರು. ಸೀಟಿನ ಕಬ್ಬಿಣದ ಕೆಳಗೆ ಎಲ್ಲೋ ವೈರು ಸಿಕ್ಕಿಕೊಂಡು ಸಿಪ್ಪೆ ಹರಿದಿತ್ತು. ಒಂದು ಕ್ಷಣ ನೀಲಿ ಬೆಳಕು ಬಂತು. "ಹತ್ತಿತು!" ಎಂದು ಕೂಗಿದರು. ಮರುಕ್ಷಣ ಹೊಗೆ.

ನಾನು ಹಾರಿ ಇಳಿದು ಬ್ಯಾಟರಿಯ ತಂತಿ ಕಿತ್ತೆ. ಅಷ್ಟರಲ್ಲಿ ಹೊಗೆ ಕಂಡು ಗೆಳೆಯ ಟೀ ಅಂಗಡಿಯಿಂದ ಓಡಿಬಂದ. ಸೀಟಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಏಯ್, ಯಾವನೋ ಅವ್ನು? ಆಚೆ ಬಾರೋ! ಗಾಡಿ ಸುಟ್ಟಾಕ್ತಿದ್ದಲ್ಲೋ! ಎಲ್ಲಿಂದ ಹಿಡ್ಕೊಂಡ್ ಬಂದ್ಯೋ ಈ ದಡ್ಡ್ ನನ್ಮಗನ್ನ?"

ಮೇಷ್ಟ್ರು ನಿಧಾನವಾಗಿ ಹೊರಗೆ ಬಂದರು. ಮುಖದ ಒಂದು ಪಕ್ಕ ಮಸಿ. ಬಿಳಿ ಅಂಗಿಯ ತುಂಬ ಗ್ರೀಸು. ಗೆಳೆಯನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮೇಷ್ಟ್ರು ಅವನ ಮುಖವನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಕೈಮುಗಿದರು.

"ತಪ್ಪಾಯ್ತು ಸಾರ್. ನಂದೇ ತಪ್ಪು. ನಮ್ಮ ಓನರ್‌ದು ಏನೂ ಇಲ್ಲ."

ಅವನು ನನ್ನ ಕಡೆ ತಿರುಗಿದ. ತಾನು ಯಾರೆಂದು ಹೇಳಬೇಡ ಎನ್ನುವಂತೆ ತಲೆಯಾಡಿಸಿದ. ಕಣ್ಣು ತುಂಬಿದ್ದವು. ಮೇಷ್ಟ್ರಿಗೆ ತನ್ನ ಗುರುತು ಸಿಕ್ಕಿಲ್ಲ, ಸಿಗುವ ಮೊದಲೇ ಹೊರಟುಬಿಡಬೇಕು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. "ಹೋಗ್ಲಿ ಬಿಡಿ ಯಜಮಾನ್ರೆ" ಎಂದು ದನಿ ಬದಲಿಸಿ ಗೊಗ್ಗರು ಗಂಟಲಲ್ಲಿ ಹೇಳಿ, ಬಿಚ್ಚಿದ ಡ್ಯಾಶ್‌ಬೋರ್ಡ್ ಹಾಗೇ ಇರುವಂತೆಯೇ, ಸುಟ್ಟ ವೈರು ಕಿತ್ತೆಸೆದು, ಬ್ಯಾಟರಿಯ ತಂತಿ ಸಿಕ್ಕಿಸಿಕೊಂಡು ಗಾಡಿ ತಿರುಗಿಸಿಕೊಂಡು ಹೋದ.

ಮೇಷ್ಟ್ರು ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದರು. ಟವೆಲಿನಲ್ಲಿ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಕೊನೇ ಬೆಂಚಲ್ಲಿ ನಿನ್ನ ಪಕ್ಕ ಕೂತ್ಕೋತಿದ್ನಲ್ಲ, ಅವನೇ ಅಲ್ವೇ?" ಅಂದರು.

ನಾನು ಹೋಗಿ ನಲ್ಲಿ ನಿಲ್ಲಿಸಿದೆ.

"ನಂಗೆ ಗೊತ್ತಾಯ್ತು ಅಂತ ಅವ್ನಿಗೆ ಯಾವತ್ತೂ ಹೇಳ್ಬೇಡ. ಪಾಪ, ತಲೆ ಎತ್ತಕ್ಕಾಗಲ್ಲ ಅವ್ನಿಗೆ. ನಾನಂತೂ ವರ್ಷವೆಲ್ಲ ಅವ್ನಿಗೆ ದಡ್ಡ ಅಂದೆ. ಅವ್ನು ಒಂದೇ ದಿನ ಅಂದಿದ್ದು." ಟವೆಲ್ ಮಡಿಸಿಟ್ಟು, "ಅನ್ನಿಸ್ಕೊಂಡ್ರೆ ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ" ಅಂದರು.

ಇನ್ನು ಅವರು ಬರಲಾರರು ಅಂದುಕೊಂಡೆ. ಬರದಿದ್ದರೆ ಸಾಕು ಎಂದೂ ಒಳಗೊಳಗೇ ಬೇಡಿಕೊಂಡೆ. ಮಾರನೆಯ ದಿನ ಅವರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೆಟ್ಟದ್ದನ್ನು ತಾವೇ ಸರಿಮಾಡಬೇಕು, ಪೆರೇಸಂದ್ರಕ್ಕೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರು.

ಭಾನುವಾರ ನನ್ನ ಬೈಕಿನಲ್ಲಿ ಹೋದೆವು. ಗಾಡಿ ಮನೆಯ ಮುಂದೆಯೇ ಇತ್ತು. ಗೆಳೆಯನ ಹೆಂಡತಿ ಹೊರಗೆ ಬಂದು, "ಮನೇಲಿಲ್ಲ ಅಣ್ಣ, ಚಿಂತಾಮಣಿಗೆ ಹೋಗವ್ರೆ" ಎಂದರು. ಹೇಳುವಾಗ ಬಾಗಿಲ ಕಡೆ ನೋಡುತ್ತಿದ್ದರು. ಅವನ ಚಪ್ಪಲಿ ಹೊಸಿಲ ಪಕ್ಕದಲ್ಲೇ ಇತ್ತು. ಮೇಷ್ಟ್ರು ಅದನ್ನು ನೋಡಿಯೂ ನೋಡದವರಂತೆ, ಗಾಡಿಯ ಬೀಗದ ಕೈ ಕೇಳಿ ಇಸಿದುಕೊಂಡರು.

ಮಧ್ಯಾಹ್ನದವರೆಗೆ ಸೀಟಿನ ಕೆಳಗೆ ಮಲಗಿ ಕೆಲಸ ಮಾಡಿದರು. ನನ್ನನ್ನು ಮುಟ್ಟಲು ಬಿಡಲಿಲ್ಲ. ಮೊದಲು ಫ್ಯೂಸ್ ಹಾಕಿದರು. ವೈರಿಗೆ ರಬ್ಬರಿನ ಕೊಳವೆ ತೊಡಿಸಿದರು. ಈ ಸಲ ಉರಿದ ಬೆಳಕು ಆರಲಿಲ್ಲ. ನಾನು ಬಿಚ್ಚಿ ಮತ್ತೆ ಮಾಡಬೇಕಾಗಿಲ್ಲದ ಅವರ ಮೊದಲ ಕೆಲಸ ಅದು. ಅವನ ಹೆಂಡತಿ ತಂದುಕೊಟ್ಟ ಮಜ್ಜಿಗೆ ಕುಡಿದು, ಒಳಗಿನವರೆಗೂ ಕೇಳುವಂತೆ, "ಅವ್ರು ಬಂದ್ಮೇಲೆ ಹೇಳಮ್ಮ, ಆ ದಡ್ಡ ಬಂದು ರಿಪೇರಿ ಮಾಡ್ಹೋದ ಅಂತ" ಅಂದರು. ಒಳಗಿದ್ದ ಗೆಳೆಯನಿಗೂ ಮೇಷ್ಟ್ರಿಗೂ ನಡುವೆ ನಾನು ಅಂಗಳದಲ್ಲಿ, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದೆ.

ಮೇಷ್ಟ್ರು ಆಮೇಲೂ ಕೆಲವು ತಿಂಗಳು ಬಂದರು. ಬರಬರುತ್ತ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಹೋದ ವರ್ಷ ತೀರಿಕೊಂಡರು. ಆ ದಿನ ಗೆಳೆಯ ಯಾರೂ ಹೇಳದೆ ತನ್ನ ಗಾಡಿ ತಂದು ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಬಂದವರನ್ನೆಲ್ಲ ಸ್ಮಶಾನಕ್ಕೆ ಕರೆದೊಯ್ದ. ತಾನು ಮಾತ್ರ ಸ್ಟೇರಿಂಗ್ ಬಿಟ್ಟು ಇಳಿಯಲಿಲ್ಲ.

ತಿಥಿ ಮುಗಿದ ಮೇಲೆ ಅಂಗಡಿಗೆ ಬಂದ. "ಮೇಷ್ಟ್ರು ಅವತ್ತು ನನ್ನ ಗುರ್ತು ಹಿಡಿದಿದ್ರಾ?" ಎಂದು ಕೇಳಿದ.

ಹೇಳಬೇಡ ಎಂದು ಮೇಷ್ಟ್ರು ಅಂದಿದ್ದು ನೆನಪಾಯಿತು. "ಇಲ್ಲ ಕಣೋ" ಅಂದೆ.

ಅವನ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಅವನು ತಲೆ ಬಗ್ಗಿಸಿ ನಿಂತ.

"ಹಂಗಾದ್ರೆ ದಿನಾ ನಿಲ್ಸಿ ಬೈದೋರಿಗೆ ನನ್ನ ಮುಖಾನೂ ನೆನಪಿರ್ಲಿಲ್ಲ ಅನ್ನು" ಅಂದ. ಅಷ್ಟೇ. ಹೊರಟುಹೋದ.

ಈಗಲೂ ಅವನ ಗಾಡಿ ನನ್ನ ಅಂಗಡಿಯ ಮುಂದೆ ಹಾದುಹೋಗುತ್ತದೆ. ಹಾರ್ನ್ ಹೊಡೆಯುತ್ತಾನೆ, ನಾನು ಕೈ ಎತ್ತುತ್ತೇನೆ. ಕೂಗಿ ನಿಲ್ಲಿಸಿ ನಿಜ ಹೇಳಿಬಿಡಬೇಕು ಅನಿಸುತ್ತದೆ... ಎತ್ತಿದ ಕೈ ಹಾಗೇ ಇಳಿಯುತ್ತದೆ. ಹೇಳಲೇ ಎಂದು ಕೇಳೋಣವೆಂದರೆ, ಮೇಷ್ಟ್ರಿಲ್ಲ.