ಎಡಗೈಯವರ ಬಾಗಿಲು

ಬಕೋಲೋಡ್ ಊರಿನ ಕಬ್ಬಿನ ಗದ್ದೆಗಳಾಚೆ ರೈಫಲ್, ಪಿಸ್ತೂಲು ಪಂದ್ಯ ಏರ್ಪಡಿಸುವ ಕ್ರಿಸ್ಪುಲೊ ಬೆಳಗಿನಿಂದಲೇ ಅರಚುತ್ತಿರುತ್ತಾನೆ: "ಬೆರಳು ಟ್ರಿಗರಿಂದ ಆಚೆ ತೆಗೀರೋ!" ಬಂದೂಕಿನ ಮೂತಿಯಷ್ಟೇ ಅಲ್ಲ, ಊಟಕ್ಕೆ ಕೂತವರ ಚಮಚದ ತುದಿಯೂ ಗುಂಡು ತಡೆಯುವ ದಿಬ್ಬದ ಕಡೆಗೇ ಇರಬೇಕು ಅವನಿಗೆ. ಗುರಿಹಲಗೆಯ ತೂತಿಗೆ ಕಾಗದ ಅಂಟಿಸಿ ಅಂಟಿಸಿ ಅವನ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿವೆಯಂತೆ. ಓಡುತ್ತ, ಮರೆಯಿಂದ ಗುಂಡು ಹೊಡೆಯುವವರಿಗಾಗಿ ಅವನು ನಿಲ್ಲಿಸುವ ಹಲಗೆಯ ಬಾಗಿಲು, ಕಿಟಕಿಗಳೆಲ್ಲ ಎಡಗೈಯವರಿಗೇ ಅನುಕೂಲ. "ನಮ್ಮಲ್ಲಿ ಒಬ್ಬ ಎಡಚನೂ ಇಲ್ವಲ್ಲಣ್ಣ, ಯಾರಿಗೆ ಇದೆಲ್ಲ?" ಎಂದು ಹುಡುಗರು ಗೊಣಗುತ್ತಾರೆ. "ಬರಬಹುದು ಕಣ್ರೋ," ಎಂದು ಅವನು ಮೊಳೆ ಹೊಡೆಯುತ್ತಾನೆ. ಹಿಂದೆ ಇಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ ಎಡಚಿ ಲುಸೆಂಗ್, ಮದುವೆಯಾಗಿ ದೂರದ ದವಾವ್‌ಗೆ ಹೋಗುವಾಗ, "ಮುಂದಿನ ಪಂದ್ಯಕ್ಕೆ ಬರ್ತೀನಿ ಕ್ರಿಸ್," ಎಂದಿದ್ದಳು. ಪಂದ್ಯ ಶುರುವಾಗುವ ಹೊತ್ತಿಗೆ ಅವನು ಸೀಟಿಯನ್ನು ತುಟಿಗಿಟ್ಟುಕೊಂಡು ಗೇಟಿನ ಕಡೆ ನೋಡುತ್ತ ನಿಲ್ಲುತ್ತಾನೆ. ಊದುವುದು ಮಾತ್ರ ಪ್ರತಿ ಸಲವೂ ತಡ.